ಮುಚ್ಚಿದ ಬಾಗಿಲು, ಆರದ ಒಲೆ

ಹೋಟೆಲಿಗೂ ಊರಿಗೂ ಇರುವ ನಂಟು ಕೇವಲ ವ್ಯಾಪಾರದ ನಂಟಲ್ಲ. ದೂರದಿಂದ ಬಂದ ಪ್ರಯಾಣಿಕನಿಗೆ, ಓದಿಗಾಗಿ ಮನೆ ಬಿಟ್ಟು ಬಂದ ವಿದ್ಯಾರ್ಥಿಗೆ, ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಶ್ರಮಿಕನಿಗೆ ಅದು ಎರಡನೆಯ ಮನೆಯಾಗಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕರ್ನಾಟಕದ ಕರಾವಳಿಯಿಂದ ಹೊರಟ ಅಡುಗೆಯವರು ಬೆಂಗಳೂರು, ಮುಂಬಯಿ, ಮದರಾಸು ಮೊದಲಾದ ನಗರಗಳಲ್ಲಿ ಒಲೆ ಹೂಡಿದರು. ‘ಉಡುಪಿ ಹೋಟೆಲು’ ಎಂಬ ಹೆಸರು ಕಾಲಕ್ರಮದಲ್ಲಿ ದೇಶದ ಉದ್ದಗಲಕ್ಕೂ ಪರಿಚಿತವಾಯಿತು. ಆ ಹೆಸರನ್ನು ಬೆಳೆಸಿದ್ದು ದೋಸೆ, ಇಡ್ಲಿಗಳ ರುಚಿಯೊಂದೇ ಅಲ್ಲ. ಶುಚಿಯ ಬಗೆಗೆ ಜನರಲ್ಲಿದ್ದ ನಂಬಿಕೆ, ಕೈಗೆಟಕುವ ಬೆಲೆ, ಬಂದವರನ್ನು ಗುರುತಿಸಿ ಮಾತನಾಡಿಸುವ ಸೌಜನ್ಯ, ಇವೂ ಅದರ ಹಿಂದಿದ್ದವು.

ಇಂತಹ ಹೋಟೆಲಿನಲ್ಲಿ ಯಾವ ಗಿರಾಕಿಗೆ ಸಕ್ಕರೆ ಕಡಮೆ ಬೇಕು, ಯಾರಿಗೆ ಚಟ್ನಿ ಎರಡನೆಯ ಬಾರಿ ಬಡಿಸಬೇಕು ಎಂಬುದು ಮಾಣಿಗೆ ಬಾಯಿಪಾಠವಾಗಿರುತ್ತದೆ. ‘ತಿಂಡಿ ಏನಿದೆ?’ ಎಂದು ಕೇಳಿದೊಡನೆ ಅಂದಿನ ತಿನಿಸುಗಳ ಪಟ್ಟಿಯನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಇಬ್ಬರು ಗೆಳೆಯರು ಒಂದು ಲೋಟ ಕಾಫಿಯನ್ನು ‘ಬೈಟು’ ಮಾಡಿಕೊಂಡು ಅರ್ಧಗಂಟೆ ಹರಟುತ್ತಾರೆ. ಗಲ್ಲಾದ ಮೇಲೆ ಕುಳಿತ ಯಜಮಾನನು ನಾಲ್ಕು ದಿನ ಕಾಣದಿದ್ದ ಗಿರಾಕಿಯನ್ನು ‘ಊರಲ್ಲಿರಲಿಲ್ಲವೇ?’ ಎಂದು ವಿಚಾರಿಸುತ್ತಾನೆ. ಈ ಪರಿಚಯಕ್ಕೆ ಬೆಲೆ ಕಟ್ಟಲಾಗದು. ಅದು ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಆದರೂ ಹೋಟೆಲಿನ ನಿಜವಾದ ಬಂಡವಾಳ ಅದೇ. 2020ನೆಯ ಇಸವಿಯಲ್ಲಿ ಜಗತ್ತನ್ನು ಆವರಿಸಿದ ಕೋವಿಡ್-19 ಎಂಬ ಮಹಾಮಾರಿಯು ಈ ಬಂಡವಾಳವನ್ನೇ ಪರೀಕ್ಷೆಗೆ ಒಡ್ಡಿತು.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಈ ರೋಗವನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಆ ವೇಳೆಗೆ, ಜನರು ಒಟ್ಟಾಗಿ ಕುಳಿತು ಉಣ್ಣುವ ಸ್ಥಳಗಳಲ್ಲಿ ರೋಗವು ಹೇಗೆ ಹರಡಬಲ್ಲುದು ಎಂಬುದಕ್ಕೆ ಚೀನ ದೇಶದ ಗ್ವಾಂಗ್‌ಝೌ ನಗರದಲ್ಲಿ ಒಂದು ನಿದರ್ಶನ ದೊರೆತಿತ್ತು. ಅಲ್ಲಿನ ಒಂದು ಉಪಾಹಾರಗೃಹದ ಮೂರನೆಯ ಅಂತಸ್ತಿಗೆ ಆ ವರ್ಷದ ಜನವರಿ 24ರಂದು ಹಲವು ಕುಟುಂಬಗಳು ಊಟಕ್ಕೆ ಬಂದಿದ್ದವು. ಆ ಕೋಣೆಗೆ ಕಿಟಕಿಗಳಿರಲಿಲ್ಲ. ಹವಾನಿಯಂತ್ರಣ ಯಂತ್ರವು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿತ್ತು. ಮೇಜುಗಳ ನಡುವೆ ಸುಮಾರು ಒಂದು ಮೀಟರಿನಷ್ಟು ಅಂತರವಿತ್ತು. ಊಟಕ್ಕೆ ಬಂದವರಲ್ಲಿ ಒಬ್ಬರಿಗೆ ರೋಗ ತಗಲಿದ್ದುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಮುಂದಿನ ಕೆಲವು ದಿನಗಳಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಕುಳಿತಿದ್ದ ಮೂರು ಕುಟುಂಬಗಳ 10 ಮಂದಿ ಕಾಯಿಲೆ ಬಿದ್ದರು. ಆ ಅಂತಸ್ತಿನಲ್ಲಿ ಉಂಡ ಉಳಿದ 73 ಮಂದಿಗೆ ರೋಗ ತಗಲಲಿಲ್ಲ. ಯಂತ್ರದಿಂದ ಹೊರಟ ಗಾಳಿಯ ಹಾದಿಯಲ್ಲಿ ಕುಳಿತಿದ್ದವರೇ ರೋಗಕ್ಕೆ ತುತ್ತಾದರೆಂದು ಅದನ್ನು ಪರಿಶೀಲಿಸಿದ ವೈದ್ಯವಿಜ್ಞಾನಿಗಳು ತರ್ಕಿಸಿದರು.

ಈ ಘಟನೆಯು ಒಂದು ವಿಪರ್ಯಾಸವನ್ನು ಎತ್ತಿ ತೋರಿಸುತ್ತದೆ. ಹೋಟೆಲನ್ನು ಜನರಿಗೆ ಪ್ರಿಯವಾಗಿಸಿದ್ದ ಗುಣಗಳು ಯಾವುವೋ ಅವೇ ಈಗ ಅಪಾಯಕ್ಕೆ ಕಾರಣವಾದವು. ಹತ್ತಿರ ಹತ್ತಿರ ಕುಳಿತುಕೊಳ್ಳುವುದು, ನಿಧಾನವಾಗಿ ಉಣ್ಣುತ್ತ ಮಾತನಾಡುವುದು, ಹೊರಗಿನ ಬಿಸಿಲು ಗಾಳಿಗಳಿಂದ ದೂರವಾಗಿ ತಂಪಾದ ಕೋಣೆಯಲ್ಲಿ ಕಾಲ ಕಳೆಯುವುದು, ಇವೆಲ್ಲವೂ ರೋಗಾಣುವಿಗೆ ಅನುಕೂಲವಾದವು. ಮುಖಕ್ಕೆ ಮುಸುಕು ಧರಿಸಿ ಅಂಗಡಿಗೆ ಹೋಗಬಹುದು; ಮುಸುಕು ಧರಿಸಿ ಉಣ್ಣಲಾಗದು. ಆದುದರಿಂದ ಅನೇಕ ದೇಶಗಳ ಸರ್ಕಾರಗಳು ಮೊಟ್ಟಮೊದಲು ಮುಚ್ಚಿಸಿದ ಸ್ಥಳಗಳಲ್ಲಿ ಊಟದ ಮನೆಗಳೂ ಸೇರಿದ್ದವು.

ಭಾರತದಲ್ಲಿ 2020ರ ಮಾರ್ಚ್ 25ರಿಂದ ದೇಶವ್ಯಾಪಿ ದಿಗ್ಬಂಧನವು ಜಾರಿಗೆ ಬಂದಿತು. ಮೊದಲು 21 ದಿನಗಳಿಗೆಂದು ಘೋಷಿಸಿದ ಅದು ಮತ್ತೆ ಮತ್ತೆ ವಿಸ್ತರಣೆಗೊಂಡಿತು. ಕರ್ನಾಟಕದ ಹೋಟೆಲುಗಳಲ್ಲಿ ಜನರು ಮತ್ತೆ ಕುಳಿತು ಉಣ್ಣಲು ಅನುಮತಿ ದೊರೆತುದು ಜೂನ್ 8ರಂದು. ಈ ಅವಧಿಯಲ್ಲಿ ನಷ್ಟವಾದುದು ಮಾಲೀಕರಿಗೆ ಮಾತ್ರವೆಂದು ಭಾವಿಸಬಾರದು. ಒಂದು ಹೋಟೆಲಿನ ಹಿಂದೆ ಅಡುಗೆಯವರು, ಮಾಣಿಗಳು, ಪಾತ್ರೆ ತೊಳೆಯುವವರು ಇರುತ್ತಾರೆ. ಅವರ ಹಿಂದೆ ಅವರ ಮನೆಮಂದಿ ಇರುತ್ತಾರೆ. ಹಾಲು ತರುವವರು, ತರಕಾರಿ ಮಾರುವವರು, ಬಾಳೆಎಲೆ ಬೆಳೆಯುವ ರೈತರು, ಹಿಟ್ಟಿನ ಗಿರಣಿಯವರು, ಹೀಗೆ ಆ ಸರಪಣಿಯು ಹಳ್ಳಿಯ ಹೊಲದವರೆಗೆ ಹಬ್ಬಿರುತ್ತದೆ. ಒಲೆ ಆರಿದರೆ ಸರಪಣಿಯ ಕೊಂಡಿಗಳೆಲ್ಲ ಸಡಿಲುತ್ತವೆ. ದುಡಿಯಲು ನಗರಕ್ಕೆ ಬಂದಿದ್ದ ಎಷ್ಟೋ ಮಂದಿ ಕೆಲಸವಿಲ್ಲದೆ ಊರಿನ ಹಾದಿ ಹಿಡಿದರು.

ಗಿರಾಕಿಯು ಬಾಗಿಲಿಗೆ ಬರುವಂತಿಲ್ಲ. ಒಲೆಯನ್ನು ಆರಲು ಬಿಡುವಂತಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಹೋಟೆಲಿಗೂ ಜನರಿಗೂ ಇರುವ ನಂಟನ್ನು ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಜಗತ್ತಿನ ನಾನಾ ಕಡೆಗಳಲ್ಲಿ ನಾನಾ ಬಗೆಯ ಉತ್ತರಗಳು ದೊರೆತವು. ಅವುಗಳಲ್ಲಿ ಅಮೆರಿಕದ ಸಿಯಾಟಲ್ ನಗರದ ಒಂದು ಭೋಜನಶಾಲೆಯ ಕಥೆಯು ವಿಶೇಷವಾಗಿ ಗಮನಾರ್ಹವಾದುದು.

ಸಿಯಾಟಲ್ ನಗರವು ಅಮೆರಿಕದ ವಾಯವ್ಯ ಭಾಗದಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿದೆ. ಆ ದೇಶದಲ್ಲಿ ಕೋವಿಡ್‌ನ ಮೊದಲ ಪ್ರಕರಣವು 2020ರ ಜನವರಿಯಲ್ಲಿ ಪತ್ತೆಯಾದುದು ಇದೇ ರಾಜ್ಯದಲ್ಲಿ. ನಗರದ ಒಂದು ಗುಡ್ಡದ ಮೇಲೆ, ಯೂನಿಯನ್ ಸರೋವರವು ಕಾಣುವಂತೆ, ಕ್ಯಾನ್‌ಲಿಸ್ ಎಂಬ ಪ್ರಸಿದ್ಧ ಭೋಜನಶಾಲೆಯಿದೆ. ಅದನ್ನು 1950ರಲ್ಲಿ ಸ್ಥಾಪಿಸಿದವರು ಪೀಟರ್ ಕ್ಯಾನ್‌ಲಿಸ್. 2020ರಲ್ಲಿ ಅದನ್ನು ನಡೆಸುತ್ತಿದ್ದವರು ಅವರ ಮೊಮ್ಮಕ್ಕಳಾದ ಮಾರ್ಕ್ ಮತ್ತು ಬ್ರಯಾನ್ ಸಹೋದರರು. ಅಲ್ಲಿ ಊಟವೆಂದರೆ ಒಂದು ಸಮಾರಂಭ. ಮುಂಚಿತವಾಗಿ ಸ್ಥಳ ಕಾದಿರಿಸಿ, ಒಳ್ಳೆಯ ಉಡುಪು ಧರಿಸಿ, ಪಿಯಾನೋ ವಾದನವನ್ನು ಆಲಿಸುತ್ತ ಜನರು ಅಲ್ಲಿ ಉಣ್ಣುತ್ತಿದ್ದರು. ಮದುವೆಯ ವಾರ್ಷಿಕೋತ್ಸವ, ಹುಟ್ಟುಹಬ್ಬ ಮೊದಲಾದ ವಿಶೇಷ ದಿನಗಳಿಗೆಂದೇ ಅಲ್ಲಿಗೆ ಹೋಗುವವರು ಅನೇಕರಿದ್ದರು. ನೂರಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು.

ಮಾರ್ಚ್ ತಿಂಗಳ ಮಧ್ಯದಲ್ಲಿ, ಊಟದ ಮನೆಗಳನ್ನು ಮುಚ್ಚಬೇಕೆಂಬ ರಾಜ್ಯ ಸರ್ಕಾರದ ಆಜ್ಞೆ ಹೊರಡುವುದಕ್ಕೆ ಕೆಲವು ದಿನಗಳ ಮುನ್ನವೇ, ಸಹೋದರರು ತಮ್ಮ ಭೋಜನಶಾಲೆಯನ್ನು ಮುಚ್ಚುವುದಾಗಿ ಪ್ರಕಟಿಸಿದರು. ಈ ಸಮಯದಲ್ಲಿ ನಗರಕ್ಕೆ ಬೇಕಾಗಿರುವುದು ವೈಭವದ ಊಟವಲ್ಲ ಎಂಬುದು ಅವರ ನಿಲುವಾಗಿತ್ತು. ಆದರೆ ಅವರು ಕೆಲಸಗಾರರನ್ನು ಮನೆಗೆ ಕಳುಹಿಸಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಒಂದು ಭೋಜನಶಾಲೆಯ ಬದಲಿಗೆ ಮೂರು ಸರಳ ಉದ್ಯೋಗಗಳನ್ನು ಆರಂಭಿಸಿದರು. ಬೆಳಗ್ಗೆ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡಿನ ಮಾರಾಟ. ಹಗಲಿನಲ್ಲಿ, ಜನರು ತಮ್ಮ ಕಾರುಗಳಲ್ಲಿಯೇ ಕುಳಿತು ಕೊಳ್ಳಬಹುದಾದ ಬರ್ಗರ್. ಸಂಜೆ, ಒಂದು ಕುಟುಂಬಕ್ಕೆ ಸಾಕಾಗುವಷ್ಟು ಊಟವನ್ನು ಪೆಟ್ಟಿಗೆಯಲ್ಲಿಟ್ಟು ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆ. ಮೇಜಿನ ಬಳಿ ನಿಂತು ಬಡಿಸುತ್ತಿದ್ದವರೇ ಈಗ ವಾಹನ ನಡೆಸಿಕೊಂಡು ಗಿರಾಕಿಗಳ ಮನೆಗೆ ಹೋಗತೊಡಗಿದರು.

ಕೈಗೊಂಡ ಉಪಾಯಗಳೆಲ್ಲವೂ ಫಲಿಸಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬರ್ಗರಿಗಾಗಿ ಬಂದ ಕಾರುಗಳ ಸಾಲು ಹೆದ್ದಾರಿಯವರೆಗೆ ಬೆಳೆದು ಸಂಚಾರಕ್ಕೆ ಅಡಚಣೆಯಾಯಿತು. ಜನರು ಮನೆಯಲ್ಲಿಯೇ ಇರಬೇಕೆಂಬ ನಿಯಮವೂ ಬಂದಿತು. ಸಹೋದರರು ಆ ಮಾರಾಟವನ್ನು ಬೇಗನೆ ಕೈಬಿಟ್ಟು ಮನೆಗೆ ಊಟ ಕಳುಹಿಸುವ ಕೆಲಸದತ್ತ ಗಮನ ಹರಿಸಿದರು. ಅಷ್ಟಕ್ಕೇ ನಿಲ್ಲದೆ, ಊಟದ ಪೆಟ್ಟಿಗೆ ತಲುಪಿದ ಮನೆಗಳವರು ಆ ಸಂಜೆಯನ್ನು ಒಂಟಿಯಾಗಿ ಕಳೆಯದಿರಲೆಂದು, ಭೋಜನಶಾಲೆಯ ಪಿಯಾನೋ ವಾದನವನ್ನು ಅಂತರಜಾಲದ ಮೂಲಕ ಅವರ ಮನೆಗೆ ಮುಟ್ಟಿಸಿದರು. ಬಿಂಗೊ ಎಂಬ ಅಂಕಿಗಳ ಆಟವನ್ನೂ ಅದೇ ರೀತಿಯಲ್ಲಿ ಆಡಿಸಿದರು. ಒಬ್ಬರನ್ನೊಬ್ಬರು ಕಾಣದ ನೂರಾರು ಮನೆಗಳು ಒಂದೇ ಹೊತ್ತಿನಲ್ಲಿ ಒಂದೇ ಆಟದಲ್ಲಿ ತೊಡಗಿ ನಕ್ಕವು.

ಮುಂದಿನ ತಿಂಗಳುಗಳಲ್ಲಿ ಋತು ಬದಲಾದಂತೆ ಉಪಾಯವೂ ಬದಲಾಯಿತು. ಬೇಸಗೆಯಲ್ಲಿ ವಾಹನ ನಿಲ್ಲಿಸುವ ಬಯಲಿನಲ್ಲಿಯೇ, ತೆರೆದ ಆಕಾಶದ ಕೆಳಗೆ, ಏಡಿಯ ಭೋಜನವನ್ನು ಏರ್ಪಡಿಸಿದರು. ಶರತ್ಕಾಲದಲ್ಲಿ ಅಂತರಜಾಲದ ಮೂಲಕ ಒಂದು ‘ಕಾಲೇಜನ್ನೇ’ ನಡೆಸಿ, ತಮ್ಮ ನಗರದ ಬದುಕು, ಆಹಾರ ಮೊದಲಾದ ವಿಷಯಗಳ ಮೇಲೆ ಪಾಠಗಳನ್ನು ಹೇಳಿಸಿದರು. 2020-21ರ ಚಳಿಗಾಲದಲ್ಲಿ, ಮಧ್ಯ ಏಷ್ಯದ ಅಲೆಮಾರಿಗಳು ವಾಸಿಸುವ ‘ಯೂರ್ತ್’ ಎಂಬ ಗುಂಡಾದ ಗುಡಾರಗಳನ್ನು ಅಂಗಳದಲ್ಲಿ ಹೂಡಿ, ಒಂದೊಂದು ತಂಡಕ್ಕೆ ಪ್ರತ್ಯೇಕವಾಗಿ ಬಡಿಸಿದರು. ಇವೆಲ್ಲವೂ ಲಾಭಕ್ಕಾಗಿ ಹೂಡಿದ ಹೊಸ ಆಟಗಳೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅವುಗಳ ಹಿಂದೆ ಒಂದು ಮುಖ್ಯವಾದ ವಿಚಾರವಿತ್ತು. ‘ತಮ್ಮಲ್ಲಿರುವುದನ್ನು ಮಾರುವುದು ಹೇಗೆ?’ ಎಂದು ಅವರು ಮೊದಲು ಕೇಳಿಕೊಳ್ಳಲಿಲ್ಲ. ‘ಈ ಊರಿಗೆ ಈಗ ಏನು ಬೇಕಾಗಿದೆ?’ ಎಂದು ಕೇಳಿಕೊಂಡರು. ಎರಡನೆಯ ಪ್ರಶ್ನೆಗೆ ಉತ್ತರ ದೊರೆತಾಗ ಮೊದಲನೆಯದಕ್ಕೂ ದಾರಿ ತೋರಿತು.

ಇದೇ ಪ್ರಶ್ನೆಯನ್ನು ಬೇರೆಯವರೂ ತಮ್ಮ ತಮ್ಮ ರೀತಿಯಲ್ಲಿ ಕೇಳಿಕೊಂಡರು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನೋಮಾ ಎಂಬ ವಿಶ್ವವಿಖ್ಯಾತ ಭೋಜನಶಾಲೆಯಿದೆ. ಅಲ್ಲಿ ಊಟಕ್ಕೆ ಸ್ಥಳ ದೊರೆಯುವುದೇ ದುರ್ಲಭವಾಗಿತ್ತು. 2020ರ ಮೇ ತಿಂಗಳಿನಲ್ಲಿ ಅದು ಮತ್ತೆ ತೆರೆದಾಗ, ಯಾರು ಬೇಕಾದರೂ ಮುಂಗಡ ಕಾದಿರಿಸದೆ ಬಂದು ಬಯಲಿನಲ್ಲಿ ಕುಳಿತು ತಿನ್ನಬಹುದಾದ ಬರ್ಗರ್ ಅಂಗಡಿಯಾಗಿ ಮಾರ್ಪಟ್ಟಿತ್ತು. ನೆದರ್ಲೆಂಡ್ಸಿನ ಆಮ್ಸ್ಟರ್‌ಡ್ಯಾಮಿನಲ್ಲಿ ಮೀಡಿಯಾಮ್ಯಾಟಿಕ್ ಎಂಬ ಕಲಾಸಂಸ್ಥೆಯ ಭೋಜನಶಾಲೆಯು ನೀರಿನ ದಡದಲ್ಲಿ ಪುಟ್ಟ ಗಾಜಿನ ಮನೆಗಳನ್ನು ನಿಲ್ಲಿಸಿತು. ಒಂದೊಂದು ಗಾಜಿನ ಮನೆಯಲ್ಲಿ ಒಂದೇ ಮನೆಯ ಇಬ್ಬರೋ ಮೂವರೋ ಕುಳಿತುಕೊಳ್ಳುತ್ತಿದ್ದರು. ಬಡಿಸುವವರು ತಟ್ಟೆಗಳನ್ನು ಉದ್ದನೆಯ ಹಲಗೆಯ ಮೇಲಿಟ್ಟು ದೂರದಿಂದಲೇ ಒಳಗೆ ಚಾಚುತ್ತಿದ್ದರು. ಗಿರಾಕಿಗೆ ಅಪಾಯವಾಗದಂತೆ ನೋಡಿಕೊಳ್ಳುವುದೂ ಆತಿಥ್ಯದ ಒಂದು ಭಾಗವೆಂಬುದನ್ನು ಈ ಏರ್ಪಾಡು ಕಣ್ಣಿಗೆ ಕಾಣುವಂತೆ ಮಾಡಿತು.

ಹಸಿದವರಿಗೆ ಹಣವೇ ಇಲ್ಲದಿದ್ದರೆ ಏನು ಮಾಡಬೇಕು? ಸ್ಪೇನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಾಕತಜ್ಞ ಹೊಸೆ ಆಂಡ್ರೆಸ್ ಅವರು ಈ ಪ್ರಶ್ನೆಗೆ ಉತ್ತರವಿತ್ತರು. ವಿಪತ್ತಿಗೆ ಸಿಕ್ಕ ಜನರಿಗೆ ಊಟ ಒದಗಿಸಲು ಅವರು 2010ರಲ್ಲಿಯೇ ‘ವರ್ಲ್ಡ್ ಸೆಂಟ್ರಲ್ ಕಿಚನ್’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. 2020ರ ಮಾರ್ಚ್‌ನಲ್ಲಿ ಅವರು ತಮ್ಮ ಹಲವು ಭೋಜನಶಾಲೆಗಳನ್ನು ಮುಚ್ಚಿ, ಅವುಗಳಲ್ಲಿ ಕೆಲವನ್ನು ಸಮುದಾಯದ ಅಡುಗೆಮನೆಗಳಾಗಿ ಪರಿವರ್ತಿಸಿದರು. ಅವರ ಸಂಸ್ಥೆಯು ಇತರ ಸಣ್ಣ ಊಟದ ಮನೆಗಳಿಗೂ ಹಣ ಕೊಟ್ಟು, ಕಷ್ಟದಲ್ಲಿದ್ದವರಿಗೆ ಅಡುಗೆ ಮಾಡಿಸಿತು. ಇದರಿಂದ ಒಂದೇ ಕಾಲಕ್ಕೆ ಎರಡು ಉಪಕಾರಗಳಾದವು. ಹಸಿದವರಿಗೆ ಬಿಸಿ ಊಟ ದೊರೆಯಿತು. ಮುಚ್ಚಿಹೋಗಬಹುದಾಗಿದ್ದ ಅಡುಗೆಮನೆಗಳಲ್ಲಿ ಕೆಲಸವೂ ಉಳಿಯಿತು.

ಕರ್ನಾಟಕದ ಹೋಟೆಲುಗಳಿಗೆ ಒದಗಿದ ಮುಖ್ಯ ಆಸರೆಯೆಂದರೆ ‘ಪಾರ್ಸೆಲ್’. ಕುಳಿತು ಉಣ್ಣುವುದಕ್ಕೆ ಅನುಮತಿಯಿಲ್ಲದ ದಿನಗಳಲ್ಲಿಯೂ ತಿಂಡಿಯನ್ನು ಕಟ್ಟಿಸಿಕೊಂಡು ಹೋಗಲು ಅವಕಾಶವಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ರೋಗದ ಎರಡನೆಯ ಅಲೆಯು ಎದ್ದಾಗ ರಾಜ್ಯದಲ್ಲಿ ಮತ್ತೆ ನಿರ್ಬಂಧಗಳು ಬಂದವು. ಆಗಲೂ ಹೋಟೆಲುಗಳು ಪಾರ್ಸೆಲ್ಲಿನ ಬಲದಿಂದಲೇ ಉಸಿರು ಹಿಡಿದವು. ಆದರೆ ಕಟ್ಟಿಸಿಕೊಂಡು ಹೋಗುವ ತಿನಿಸಿಗೆ ಅದರದೇ ಆದ ನಿಯಮವುಂಟು. ಹಂಚಿನಿಂದ ಇಳಿದೊಡನೆ ಗರಿಗರಿಯಾಗಿರುವ ಮಸಾಲೆ ದೋಸೆಯು ಪೊಟ್ಟಣದೊಳಗೆ ಹತ್ತು ನಿಮಿಷವಿದ್ದರೆ ತನ್ನ ಹಬೆಯಲ್ಲಿಯೇ ಮೆತ್ತಗಾಗುತ್ತದೆ. ಇಡ್ಲಿ, ಪುಳಿಯೋಗರೆ, ಚಿತ್ರಾನ್ನಗಳು ಅಷ್ಟು ಬೇಗ ಕೆಡುವುದಿಲ್ಲ. ಆದುದರಿಂದ ಜಾಣರಾದ ಅಡುಗೆಯವರು ಪ್ರಯಾಣವನ್ನು ತಾಳಬಲ್ಲ ತಿನಿಸುಗಳನ್ನು ಆರಿಸಿದರು; ದೋಸೆಯ ಬದಲಿಗೆ ದೋಸೆಯ ಹಿಟ್ಟನ್ನೂ ಚಟ್ನಿಯನ್ನೂ ಮಾರಿದವರುಂಟು. ಗಿರಾಕಿಯು ಹಿಟ್ಟನ್ನು ಮನೆಯ ಕಾವಲಿಯ ಮೇಲೆ ಹೊಯ್ದಾಗ ಹೋಟೆಲಿನ ರುಚಿಯು ಅವನ ಅಡುಗೆಮನೆಗೇ ಬಂದಿತು.

ಮನೆಗೆ ಊಟ ತಲುಪಿಸುವ ಕಂಪನಿಗಳ ನೆರವೂ ಆಗ ಬಹಳ ಒದಗಿತು. ಮೊಬೈಲು ದೂರವಾಣಿಯ ಮೂಲಕ ಬೇಕಾದುದನ್ನು ತಿಳಿಸಿದರೆ ಅವುಗಳ ಸವಾರರು ಊಟವನ್ನು ತಂದು ಬಾಗಿಲಲ್ಲಿಡುತ್ತಿದ್ದರು. ಈ ಅನುಕೂಲಕ್ಕೆ ಎರಡು ಬಗೆಯ ಬೆಲೆ ತೆರಬೇಕಾಗಿತ್ತು. ಮೊದಲನೆಯದು ಹಣದ ಬೆಲೆ. ಪ್ರತಿಯೊಂದು ಊಟದ ಮೊತ್ತದಲ್ಲಿ ದೊಡ್ಡ ಪಾಲು ಆ ಕಂಪನಿಗಳಿಗೆ ದಲ್ಲಾಳಿಯಾಗಿ ಹೋಗುತ್ತಿತ್ತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಹಾಗೂ ಸಿಯಾಟಲ್ ನಗರಗಳ ಆಡಳಿತಗಳು 2020ರ ಏಪ್ರಿಲ್‌ನಲ್ಲಿ ಈ ದಲ್ಲಾಳಿಯು ಶೇಕಡ 15ನ್ನು ಮೀರಬಾರದೆಂದು ಆಜ್ಞೆ ಹೊರಡಿಸಬೇಕಾಯಿತು. ಎರಡನೆಯ ಬೆಲೆಯು ಕಣ್ಣಿಗೆ ಕಾಣದಂತಹುದು. ಊಟ ಕೊಂಡವನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ನಡುವಣ ಕಂಪನಿಯ ಬಳಿ ಉಳಿಯುತ್ತವೆ. ಅಡುಗೆ ಮಾಡಿದವನಿಗೆ ಉಂಡವನು ಯಾರೆಂದು ತಿಳಿಯುವುದಿಲ್ಲ. ಭಾರತದ ರಾಷ್ಟ್ರೀಯ ರೆಸ್ಟೋರೆಂಟ್ ಸಂಘವು ಇಂತಹ ವಿಷಯಗಳನ್ನು ಮುಂದಿಟ್ಟು 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮೊರೆಹೊಕ್ಕಿತು. ಆಯೋಗವು 2022ರಲ್ಲಿ ತನಿಖೆಗೆ ಆದೇಶವಿತ್ತಿತು.

ಇದು ಕೇವಲ ಲೆಕ್ಕಾಚಾರದ ಜಗಳವಲ್ಲ. ‘ಊರಲ್ಲಿರಲಿಲ್ಲವೇ?’ ಎಂದು ಕೇಳುವ ಅವಕಾಶವನ್ನೇ ಕಳೆದುಕೊಂಡ ಹೋಟೆಲು ಒಂದು ಕಾರ್ಖಾನೆಯಾಗುತ್ತದೆ. ಗಿರಾಕಿಯು ಒಂದು ಸಂಖ್ಯೆಯಾಗುತ್ತಾನೆ. ಇದನ್ನು ಅರಿತವರು ತಮ್ಮದೇ ದೂರವಾಣಿಯ ಮೂಲಕ ಬೇಡಿಕೆಗಳನ್ನು ಪಡೆಯುವ ಹಾದಿಯನ್ನು ಹಿಡಿದರು. ಹತ್ತಿರದ ಮನೆಗಳಿಗೆ ತಮ್ಮ ಕೆಲಸದವರ ಕೈಯಲ್ಲಿಯೇ ಊಟ ಕಳುಹಿಸಿದರೆ ಒಬ್ಬರಿಗೆ ಉದ್ಯೋಗವೂ ಉಳಿಯುತ್ತದೆ, ಒಂದು ಪರಿಚಯವೂ ಉಳಿಯುತ್ತದೆ. ಅಡುಗೆಯ ಪೊಟ್ಟಣದ ಮೇಲೆ ಗಿರಾಕಿಯ ಹೆಸರನ್ನು ಕೈಯಿಂದ ಬರೆಯುವುದು ಸಣ್ಣ ಕೆಲಸ. ಆದರೆ ತಿಂಗಳುಗಟ್ಟಲೆ ಮನೆಯೊಳಗೇ ಇದ್ದ ವೃದ್ಧರಿಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ಹೋಟೆಲುಗಳು ಮತ್ತೆ ತೆರೆದಾಗ ಜನರ ಮನಸ್ಸಿನಲ್ಲಿ ಭಯವಿತ್ತು. ಭಯವನ್ನು ಜಾಹೀರಾತಿನಿಂದ ಹೋಗಲಾಡಿಸಲು ಸಾಧ್ಯವಿಲ್ಲ; ಕಣ್ಣಿಗೆ ಕಾಣುವ ಎಚ್ಚರಿಕೆಯಿಂದ ಮಾತ್ರ ಸಾಧ್ಯ. ಮೇಜುಗಳನ್ನು ದೂರ ದೂರ ಇರಿಸುವುದು, ಕಿಟಕಿಗಳನ್ನು ತೆರೆದಿಡುವುದು, ಕೆಲಸದವರಲ್ಲಿ ಯಾರಿಗಾದರೂ ಜ್ವರ ಬಂದರೆ ಸಂಬಳ ಕಡಿಯದೆ ರಜೆ ಕೊಡುವುದು, ರೋಗವು ಕಾಣಿಸಿಕೊಂಡರೆ ಅದನ್ನು ಮುಚ್ಚಿಡದೆ ಹೇಳುವುದು, ಇವು ನಂಬಿಕೆಯನ್ನು ಬೆಳೆಸುವ ಮಾರ್ಗಗಳು. ತಿನಿಸುಗಳ ಪಟ್ಟಿಯನ್ನು ಕೈಯಿಂದ ಮುಟ್ಟದೆ ಓದಲು ಕ್ಯೂಆರ್ ಸಂಕೇತದ ಬಳಕೆಯೂ ಹೆಚ್ಚಿತು. ಈ ಚೌಕಾಕಾರದ ಸಂಕೇತವನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯು ಕಂಡುಹಿಡಿದುದು ಮೋಟಾರು ವಾಹನಗಳ ಬಿಡಿಭಾಗಗಳನ್ನು ಗುರುತಿಸುವ ಸಲುವಾಗಿ; ಕಾಲು ಶತಮಾನದ ಬಳಿಕ ಅದು ಊಟದ ಮೇಜನ್ನೇರಿತು. ಆದರೆ ಅದನ್ನು ಓದಬಲ್ಲ ದೂರವಾಣಿ ಎಲ್ಲರ ಕೈಯಲ್ಲಿಯೂ ಇರುವುದಿಲ್ಲ. ಅಂತಹವರ ಬಳಿ ನಾಲ್ಕಡಿ ದೂರದಲ್ಲಿ ನಿಂತು ತಿಂಡಿಗಳ ಹೆಸರನ್ನು ಒಪ್ಪಿಸುವ ಮಾಣಿಯ ಬಾಯಿಪಾಠವು ಆ ಸಂಕೇತಕ್ಕಿಂತ ಕಡಮೆಯದಲ್ಲ.

ಸಂಕಟದ ಕಾಲದಲ್ಲಿ ಹೊಸ ಹಾದಿ ಹುಡುಕುವುದು ಕನ್ನಡ ನಾಡಿನ ಹೋಟೆಲುಗಳಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., ಇದಕ್ಕೆ ಸಾಕ್ಷಿಯಾಗಿದೆ. ಪರಂಪಳ್ಳಿಯ ಮೈಯ ಸಹೋದರರು 1924ರಲ್ಲಿ ಸ್ಥಾಪಿಸಿದ ಈ ಹೋಟೆಲು, ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಉಂಟಾದಾಗ ರವೆಯಿಂದ ಇಡ್ಲಿ ಮಾಡಲು ತೊಡಗಿತೆಂದು ಹೇಳಿಕೊಳ್ಳುತ್ತದೆ. 1975ರಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದ ಬಳಿಕ ಹೋಟೆಲಿನ ತಿನಿಸುಗಳ ಬೆಲೆಯನ್ನು ಸರ್ಕಾರವು ಬಹಳ ಕೆಳಕ್ಕೆ ನಿಗದಿಪಡಿಸಿತು. ಆ ಬೆಲೆಗೆ ಹಿಂದಿನ ಗುಣಮಟ್ಟದಲ್ಲಿ ಬಡಿಸಿದರೆ ನಷ್ಟವಾಗುತ್ತಿತ್ತು; ಗುಣಮಟ್ಟವನ್ನು ಇಳಿಸಿದರೆ ಹೆಸರು ಕೆಡುತ್ತಿತ್ತು. ಆಗ ಅದರ ಮಾಲೀಕರು ಮನೆಯಲ್ಲಿಯೇ ಅಡುಗೆ ಮಾಡಿಕೊಳ್ಳಲು ಅನುವಾಗುವ ಸಿದ್ಧ ಮಿಶ್ರಣಗಳ ತಯಾರಿಕೆಯತ್ತ ಹೊರಳಿದರು. ಬೆಲೆಯ ಕಟ್ಟಳೆಯಿಂದ ಹುಟ್ಟಿದ ಆ ಉಪಾಯವು ಮುಂದೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಹೋಟೆಲಿನ ರುಚಿಯು ಹೋಟೆಲಿನ ಗೋಡೆಗಳನ್ನು ದಾಟಬಲ್ಲುದೆಂಬುದನ್ನು ಅದು ಮಹಾಮಾರಿಗೆ ನಾಲ್ಕು ದಶಕಗಳ ಹಿಂದೆಯೇ ತೋರಿಸಿಕೊಟ್ಟಿತ್ತು.

ನಂಟನ್ನು ಉಳಿಸಿಕೊಂಡವರೆಲ್ಲರೂ ಬದುಕಿ ಉಳಿದರೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಅಮೆರಿಕ ಒಂದರಲ್ಲಿಯೇ 2020ರ ಡಿಸೆಂಬರ್ ವೇಳೆಗೆ 1,10,000ಕ್ಕೂ ಹೆಚ್ಚು ಊಟದ ಮನೆಗಳು ಶಾಶ್ವತವಾಗಿಯೋ ದೀರ್ಘಕಾಲಕ್ಕೋ ಮುಚ್ಚಿದ್ದುವೆಂದು ಆ ದೇಶದ ರೆಸ್ಟೋರೆಂಟುಗಳ ರಾಷ್ಟ್ರೀಯ ಸಂಘವು ಅಂದಾಜು ಮಾಡಿತು. ಅವುಗಳಲ್ಲಿ ಪ್ರಾಮಾಣಿಕರೂ ಪರಿಶ್ರಮಿಗಳೂ ನಡೆಸುತ್ತಿದ್ದವು ಎಷ್ಟೋ ಇದ್ದಿರಬೇಕು. ಬಾಡಿಗೆಯ ಹೊರೆ, ಸಾಲದ ಬಡ್ಡಿ, ಉಳಿತಾಯದ ಕೊರತೆಗಳ ಮುಂದೆ ಸದ್ಭಾವನೆಯೊಂದೇ ಸಾಲದು. ಇಂತಹ ಸಮಯದಲ್ಲಿ ಸರ್ಕಾರದ ನೆರವು, ಕಟ್ಟಡದ ಒಡೆಯರ ಔದಾರ್ಯ, ಗಿರಾಕಿಗಳ ಬೆಂಬಲ ಇವೆಲ್ಲವೂ ಕೂಡಿಬರಬೇಕಾಗುತ್ತದೆ. ಹಲವು ದೇಶಗಳಲ್ಲಿ ಜನರು ಮುಂದೆಂದೋ ಉಣ್ಣಲಿರುವ ಊಟಕ್ಕೆ ಮುಂಗಡವಾಗಿ ಹಣ ಕೊಟ್ಟು ಚೀಟಿಗಳನ್ನು ಕೊಂಡರು. ಆ ಹೋಟೆಲು ಮತ್ತೆ ತೆರೆಯುವುದೆಂಬ ಖಾತರಿ ಅವರಿಗಿರಲಿಲ್ಲ. ಹಾಗಿದ್ದೂ ಹಣ ಕೊಟ್ಟರೆಂದರೆ, ಅವರು ಕೊಂಡದ್ದು ಊಟವನ್ನಲ್ಲ. ತಾವು ಹಲವು ವರ್ಷ ಪಡೆದಿದ್ದ ಆದರಕ್ಕೆ ತಮ್ಮ ಪಾಲಿನ ಋಣವನ್ನು ಸಲ್ಲಿಸಿದರು ಎಂದೇ ತಿಳಿಯಬೇಕು.

ನಂಟೆಂಬುದು ಎರಡು ಕಡೆಯಿಂದ ಹಿಡಿದ ಹಗ್ಗದಂತೆ. ಒಂದು ಕಡೆಯವರು ಬಿಟ್ಟರೂ ಅದು ನೆಲಕ್ಕೆ ಬೀಳುತ್ತದೆ. ಹೋಟೆಲಿನವರು ತಮ್ಮ ಕೆಲಸಗಾರರನ್ನು ಕೈಬಿಡದೆ, ಗಿರಾಕಿಗಳ ಆರೋಗ್ಯವನ್ನು ಲಾಭಕ್ಕಿಂತ ಮಿಗಿಲೆಂದು ಬಗೆದು, ಊರಿನ ಅಗತ್ಯವನ್ನು ಅರಿತು ನಡೆದಲ್ಲಿ ಜನರೂ ಅವರನ್ನು ಮರೆಯಲಿಲ್ಲ. ಮಹಾಮಾರಿಯು ಬಾಗಿಲುಗಳನ್ನು ಮುಚ್ಚಿಸಬಲ್ಲುದು. ಬಾಗಿಲಿನ ಒಳಗೆ ಒಲೆಯನ್ನು ಉರಿಸುತ್ತಿರುವವರನ್ನೂ ಹೊರಗೆ ಕಾದಿರುವವರನ್ನೂ ಬೆಸೆದಿರುವ ವಿಶ್ವಾಸವನ್ನು ಅಳಿಸುವುದು ಅದರ ಕೈಯಲ್ಲಿಲ್ಲ. ಅದನ್ನು ಉಳಿಸುವುದೂ ಕಳೆಯುವುದೂ ಮನುಷ್ಯರ ಕೈಯಲ್ಲಿಯೇ ಇದೆ.

ಅಭ್ಯಾಸ

1. ಹೋಟೆಲಿನ ನಿಜವಾದ ಬಂಡವಾಳ ಯಾವುದೆಂದು ಪಾಠದಲ್ಲಿ ಹೇಳಿದೆ? ಅದು ಲೆಕ್ಕದ ಪುಸ್ತಕದಲ್ಲಿ ಏಕೆ ದಾಖಲಾಗುವುದಿಲ್ಲ?

2. ಗ್ವಾಂಗ್‌ಝೌ ನಗರದ ಉಪಾಹಾರಗೃಹದಲ್ಲಿ ರೋಗವು ಹರಡಿದ ಬಗೆಯನ್ನು ವಿವರಿಸಿ.

3. ಕ್ಯಾನ್‌ಲಿಸ್ ಸಹೋದರರು ಋತುವಿಗೆ ತಕ್ಕಂತೆ ಯಾವ ಯಾವ ಉಪಾಯಗಳನ್ನು ಕೈಗೊಂಡರು? ಅವುಗಳ ಹಿಂದಿದ್ದ ವಿಚಾರವೇನು?

4. ಮನೆಗೆ ಊಟ ತಲುಪಿಸುವ ಕಂಪನಿಗಳ ಅನುಕೂಲಕ್ಕೆ ಹೋಟೆಲುಗಳು ತೆರಬೇಕಾದ ಎರಡು ಬಗೆಯ ಬೆಲೆಗಳು ಯಾವುವು?

5. ‘ನಂಟೆಂಬುದು ಎರಡು ಕಡೆಯಿಂದ ಹಿಡಿದ ಹಗ್ಗದಂತೆ’ ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿ.

6. ನಿಮ್ಮ ಊರಿನ ಒಂದು ಹೋಟೆಲಿನವರನ್ನೋ ಅಂಗಡಿಯವರನ್ನೋ ಕಂಡು, 2020-21ರ ದಿನಗಳಲ್ಲಿ ಅವರು ಗಿರಾಕಿಗಳೊಡನೆ ಹೇಗೆ ಸಂಪರ್ಕ ಉಳಿಸಿಕೊಂಡರೆಂದು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.